ಕ್ರೆಡಿಟ್ ಕಾರ್ಡ್ ಸಾಲ: ರಿಕವರಿ ಏಜೆಂಟ್, ಸೆಟಲ್‌ಮೆಂಟ್ ಕಂಪನಿ, ಬ್ಯಾಂಕ್ ಇಎಂಐ, ಎಲ್ಲಾ ನೋಡಿದ್ಮೇಲೆ ಒಂದು ರಿವ್ಯೂ

ಕಾರ್ಡ್ ಬಿಲ್ ಕಟ್ಟೋಕಾಗ್ದೆ ನಿಂತ್ಮೇಲೆ ನಮ್ಮ ಮುಂದೆ ಏನೇನು ಬಂದು ನಿಲ್ಲುತ್ತೆ, ರಿಕವರಿ ಏಜೆನ್ಸಿ, ಬ್ಯಾಂಕಿನ ಇಎಂಐ ಪ್ಲ್ಯಾನು, ಒನ್ ಟೈಮ್ ಸೆಟಲ್‌ಮೆಂಟು (ಬಾಕಿಗಿಂತ ಕಮ್ಮಿ ಮೊತ್ತ ಒಂದೇ ಸಲ ಕಟ್ಟಿ ಸಾಲ ಮುಗಿಸೋದು), "ನಿಮ್ಮ ಸಾಲ ಅರ್ಧಕ್ಕೆ ಇಳಿಸ್ಕೊಡ್ತೀವಿ" ಅನ್ನೋ ಕಂಪನಿಗಳು, ಬ್ಯಾಂಕ್ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್, ಇಷ್ಟನ್ನೂ ನನ್ನ ತಮ್ಮನ ವಿಷಯದಲ್ಲಿ ಹತ್ತಿರದಿಂದ ನೋಡಿದೀನಿ, ಅದರ ರಿವ್ಯೂ ಇದು. ಬ್ಯಾಂಕಿನ ಹೆಸರು, ಕಂಪನಿ ಹೆಸರು ಹಾಕಲ್ಲ, ಬೇರೆ ಕಡೆನೂ ಕಥೆ ಹೆಚ್ಚುಕಮ್ಮಿ ಇದೇ. ಮೊದಲೇ ಹೇಳ್ಬಿಡ್ತೀನಿ, ನಮಗೆ ಕೆಲಸಕ್ಕೆ ಬಂದಿದ್ದು ಬ್ಯಾಂಕಿನವರೇ ಕೊಟ್ಟ ಇಎಂಐ ಪ್ಲ್ಯಾನು, ಅದೂ ಫೋನ್ ಕಾಟ ನಿಲ್ಲಿಸಿದ್ಮೇಲೆ ತಣ್ಣಗೆ ಕೂತು ಲೆಕ್ಕ ಹಾಕಿ ತಗೊಂಡಿದ್ದು. ಏಜೆಂಟ್ ಕೂಗಾಡ್ತಿರೋವಾಗ ತಗೊಳ್ಳೋ ಪ್ಲ್ಯಾನ್ ಯಾವತ್ತೂ ನಮ್ಮ ಪ್ಲ್ಯಾನ್ ಆಗಿರಲ್ಲ, ಅವರ ಟಾರ್ಗೆಟ್ ಪ್ಲ್ಯಾನ್ ಆಗಿರುತ್ತೆ. ಅದಕ್ಕೆ ಮೊದಲು ಕಾಲ್‌ಗಳ ವಿಷಯ, ಆಮೇಲೆ ಪ್ಲ್ಯಾನ್ ವಿಷಯ.

ತಮ್ಮ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ, ಕಂಪನಿ ಜನ ಕಮ್ಮಿ ಮಾಡ್ದಾಗ ಅವನ ಕೆಲಸನೂ ಹೋಯ್ತು, ಬಾಡಿಗೆ, ರೇಷನ್, ಅಮ್ಮನ ಔಷಧಿ ಎಲ್ಲಾ ಕಾರ್ಡಲ್ಲೇ ನಡೀತು, ಸ್ವಲ್ಪ ಕಾಲ ಮಿನಿಮಮ್ ಡ್ಯೂ (ಬಿಲ್ಲಲ್ಲಿ ಕಟ್ಲೇಬೇಕು ಅಂತ ಹಾಕೋ ಕನಿಷ್ಠ ಮೊತ್ತ) ಕಟ್ಕೊಂಡು ಬಂದ, ಆಮೇಲೆ ಅದೂ ಆಗ್ಲಿಲ್ಲ. ಹೊಸ ಕೆಲಸ ಸಿಕ್ಕಿ ಸಂಬಳ ಶುರುವಾಗೋ ಹೊತ್ತಿಗೆ ಬಾಕಿ 1,40,000 ಆಗಿತ್ತು. ಇದು ನಮ್ಮೂರ ಎಷ್ಟೋ ಮನೆಗಳ ಕಥೆ ಅಂತ ಗೊತ್ತು, ನಾಚಿಕೆ ಪಡೋ ವಿಷಯ ಇದರಲ್ಲಿ ಏನೂ ಇಲ್ಲ, ಆದ್ರೆ ಏಜೆಂಟ್‌ಗಳು ದುಡಿಸ್ಕೊಳ್ಳೋದೇ ಆ ನಾಚಿಕೇನ.

ರಿಕವರಿ ಏಜೆನ್ಸಿಯ ಸರ್ವಿಸ್ ಬಗ್ಗೆ ಹೇಳ್ಬೇಕಂದ್ರೆ ಒಂದು ಸ್ಟಾರೂ ಕೊಡೋಕೆ ಮನಸ್ಸು ಬರಲ್ಲ. ಬೆಳಗ್ಗೆ ಏಳಕ್ಕೇ ಕಾಲ್, ರಾತ್ರಿ ಊಟದ ಹೊತ್ತಿಗೆ ಕಾಲ್, ಬರೀ ಹಿಂದಿ, ಕನ್ನಡದಲ್ಲಿ ಮಾತಾಡಿ ಅಂದ್ರೆ ಕಟ್ ಮಾಡಿ ಇನ್ನೊಂದು ನಂಬರಿಂದ ಮಾಡೋದು. ಅಷ್ಟೇ ಆಗಿದ್ರೆ ಸಹಿಸ್ಕೊಬಹುದಿತ್ತು. ಮೈಸೂರಲ್ಲಿರೋ ಅಮ್ಮಂಗೆ ಫೋನ್ ಮಾಡಿ "ನಿಮ್ಮ ಮಗನ ಮೇಲೆ ಎಫ್‌ಐಆರ್ ಆಗಿದೆ, ನಾಳೆ ಪೊಲೀಸ್ರು ಮನೆಗೆ ಬರ್ತಾರೆ" ಅಂದ್ರು, ಅಮ್ಮ ಅವತ್ತು ಊಟ ಮಾಡ್ಲಿಲ್ಲ, ಬಾಗಿಲ ಹತ್ರ ಸದ್ದಾದ್ರೆ ಬೆಚ್ಚಿ ಬೀಳೋರು. ತಮ್ಮನ ಹಳೇ ಆಫೀಸಿನ ಸ್ನೇಹಿತನಿಗೂ ಕಾಲ್ ಹೋಯ್ತು. ಇದನ್ನ ಬರೀವಾಗ ಈಗ್ಲೂ ಕೈ ನಡುಗುತ್ತೆ ನನಗೆ.

ಆಗ ಕೂತು ರೂಲ್ಸ್ ಓದ್ದೆ. ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಎಲ್ಲಾ ಬ್ಯಾಂಕಿಗೂ ಸಾಫ್ ಸಾಫ್ ಹೇಳಿದೆ, ವಸೂಲಿಗೆ ಅಂತ ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಕಾಲ್ ಮಾಡೋ ಹಾಗಿಲ್ಲ, ಬೈಯೋ ಹಾಗಿಲ್ಲ, ಹೆದರಿಸೋ ಹಾಗಿಲ್ಲ, ನಾಲ್ಕು ಜನರ ಮುಂದೆ ಮಾನ ತೆಗೆಯೋ ಹಾಗಿಲ್ಲ, ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರನ್ನ ಎಳೆಯೋ ಹಾಗಿಲ್ಲ, ವಾಟ್ಸಾಪಲ್ಲಿ ಅಸಹ್ಯ ಮೆಸೇಜ್ ಹಾಕೋ ಹಾಗಿಲ್ಲ. ಇನ್ನೂ ಮುಖ್ಯ ಅಂದ್ರೆ ಏಜೆಂಟ್ ಮಾಡಿದ್ದಕ್ಕೆ ಬ್ಯಾಂಕೇ ಜವಾಬ್ದಾರಿ, "ಅದು ಹೊರಗಿನ ಏಜೆನ್ಸಿ, ನಮಗೆ ಗೊತ್ತಿಲ್ಲ" ಅಂತ ಬ್ಯಾಂಕ್ ಕೈ ತೊಳ್ಕೊಳ್ಳೋಕಾಗಲ್ಲ. ಯಾವ ಏಜೆನ್ಸಿಗೆ ಕೇಸ್ ಕೊಟ್ಟಿದೀವಿ ಅಂತ ಬ್ಯಾಂಕ್ ನಮಗೆ ತಿಳಿಸ್ಬೇಕು, ಮನೆಗೆ ಬರೋ ಏಜೆಂಟ್ ಹತ್ರ ಐಡಿ ಕಾರ್ಡು, ಬ್ಯಾಂಕಿನ ಆಥರೈಸೇಷನ್ ಲೆಟರ್ ಎರಡೂ ಇರ್ಬೇಕು. ವಸೂಲಿ ಏಜೆಂಟ್‌ಗಳಿಗೆ ಅಂತ ಬ್ಯಾಂಕಿಂಗ್ ತರಬೇತಿ ಸಂಸ್ಥೆ ಐಐಬಿಎಫ್‌ನ ಡಿಆರ್‌ಎ ಟ್ರೈನಿಂಗ್ ಅಂತ ಒಂದಿದೆ, ಅದು ಆಗಿದ್ಯಾ ಅಂತ ಕೇಳಿ ನೋಡಿ, ನಮ್ಮ ಕೇಸಲ್ಲಿ ಕೇಳಿದ ತಕ್ಷಣ ದನಿ ಬದಲಾಯ್ತು.

ನಾವು ಮಾಡಿದ್ದು ಇಷ್ಟೇ. ಬಂದ ಪ್ರತಿ ಕಾಲಿನ ನಂಬರ್, ಟೈಮ್, ಏನಂದ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ವಿ, ರೆಕಾರ್ಡಿಂಗ್ ಇಟ್ವಿ, ಸ್ಕ್ರೀನ್‌ಶಾಟ್ ಇಟ್ವಿ. ಆಮೇಲೆ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಮಾತ್ರ ಅಲ್ದೆ ಗ್ರೀವೆನ್ಸ್ ಆಫೀಸರ್‌ಗೆ, ನೋಡಲ್ ಆಫೀಸರ್‌ಗೆ (ಇವರ ಮೇಲ್ ಐಡಿ ಬ್ಯಾಂಕಿನ ವೆಬ್‌ಸೈಟಲ್ಲೇ ಇರುತ್ತೆ) ಒಂದು ಮೇಲ್ ಹಾಕಿದ್ವಿ. ಅದರಲ್ಲಿ ಇಷ್ಟೇ ಮಾತು: ನಾನು ಸಾಲ ಇಲ್ಲ ಅಂತಿಲ್ಲ, ಕಟ್ಟೋಕೆ ರೆಡಿ ಇದೀನಿ, ನಿಮ್ಮ ಏಜೆಂಟ್ ಇಂಥ ದಿನ ಇಂಥ ಹೊತ್ತಿಗೆ ನಮ್ಮ ತಾಯಿಗೆ ಕಾಲ್ ಮಾಡಿ ಹೀಗಂದಿದಾರೆ, ಇದು ಆರ್‌ಬಿಐ ನಿಯಮಕ್ಕೆ ವಿರುದ್ಧ, ಇನ್ಮೇಲೆ ನನ್ನ ಈ ನಂಬರಿಗೆ ಮಾತ್ರ, ಈ ಸಮಯದಲ್ಲಿ ಮಾತ್ರ ಸಂಪರ್ಕ ಮಾಡಿ, ಕಟ್ಟೋ ಪ್ಲ್ಯಾನ್ ಏನಿದ್ರೂ ಬರವಣಿಗೆಲಿ ಕಳ್ಸಿ. ಮೊದಲನೇ ಸಾಲು ತುಂಬಾ ಮುಖ್ಯ, "ಕಟ್ಟಲ್ಲ" ಅನ್ನೋ ಮನುಷ್ಯ ಬೇರೆ, "ಕಟ್ತೀನಿ, ಹೇಗೆ ಅಂತ ಮಾತಾಡೋಣ" ಅನ್ನೋ ಮನುಷ್ಯ ಬೇರೆ, ಮುಂದೆ ಕಂಪ್ಲೇಂಟ್ ಯಾರೇ ಓದಿದ್ರೂ ಆ ಸಾಲೇ ಮೊದಲು ಕಣ್ಣಿಗೆ ಬೀಳೋದು. ಇನ್ನೊಂದು ಒಳ್ಳೇ ನಿಯಮ ಇದೆ, ಗ್ರಾಹಕನ ದೂರು ಬ್ಯಾಂಕಲ್ಲಿ ಬಾಕಿ ಇರೋವಾಗ ಆ ಕೇಸನ್ನ ಏಜೆಂಟ್ ಕೈಗೆ ಕೊಡ್ಬಾರ್ದು, ಸುಮ್ನೆ ಕಾಲ ತಳ್ಳೋಕೆ ಹಾಕಿದ ದೂರು ಅಂತ ಬ್ಯಾಂಕಿಗೆ ಅನ್ನಿಸಿದ್ರೆ ಮಾತ್ರ ಬೇರೆ. ಮೇಲ್ ಹೋದ್ಮೇಲೆ ಅಮ್ಮಂಗೆ ಕಾಲ್ ಬರೋದು ನಿಂತೋಯ್ತು.

ಇನ್ನು ಅರೆಸ್ಟ್ ಮಾತು. ಕಾರ್ಡ್ ಬಿಲ್ ಕಟ್ಟೋಕಾಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕಲ್ಲ, ಅದು ಸಿವಿಲ್ ವಿಷಯ, ಬ್ಯಾಂಕ್ ಕೋರ್ಟಿಗೆ ಹೋಗಿ ವಸೂಲಿಗೆ ದಾವೆ ಹಾಕ್ಬಹುದು. ಆದ್ರೆ ಇದರಲ್ಲಿ ಒಂದು ಎಚ್ಚರ ಇದೆ, ಇದನ್ನ ಯೂಟ್ಯೂಬಲ್ಲಿ ಧೈರ್ಯ ಹೇಳೋರು ಹೇಳಲ್ಲ. ಏಜೆಂಟ್ ಒತ್ತಡಕ್ಕೆ ಬಿದ್ದು ಚೆಕ್ ಬರ್ಕೊಟ್ಟು ಅದು ಬೌನ್ಸ್ ಆದ್ರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138, ಅದು ಕ್ರಿಮಿನಲ್. ಅಕೌಂಟಿಂದ ತಾನೇ ಕಟ್ ಆಗೋ ಮ್ಯಾಂಡೇಟ್ ಬೌನ್ಸ್ ಆದ್ರೂ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ ಸೆಕ್ಷನ್ 25 ಇದೆ. ಅಂದ್ರೆ ಇಲ್ಲದ ದುಡ್ಡಿಗೆ ಚೆಕ್ ಕೊಡೋದು, ಮ್ಯಾಂಡೇಟ್‌ಗೆ ಒಪ್ಪೋದು, ಸಿವಿಲ್ ವಿಷಯಾನ ನಮ್ಮ ಕೈಯ್ಯಾರೆ ಕ್ರಿಮಿನಲ್ ಮಾಡ್ಕೊಂಡ ಹಾಗೆ. ಸಂಬಳ ಖಚಿತ ಆಗೋವರೆಗೂ ಅವೆರಡನ್ನೂ ಕೊಡ್ಬೇಡಿ.

ವಾಟ್ಸಾಪಲ್ಲಿ ಕೋರ್ಟ್ ಚಿಹ್ನೆ ಹಾಕಿ "ಫೈನಲ್ ನೋಟಿಸ್" ಅಂತ ಪಿಡಿಎಫ್ ಬರುತ್ತೆ, ಅದನ್ನ ಓದಿ ನೋಡಿ, ಹೆಚ್ಚಿನವು ಯಾರೋ ವಕೀಲರ ಡಿಮ್ಯಾಂಡ್ ನೋಟಿಸು ಅಷ್ಟೇ. ಲೋಕ ಅದಾಲತ್ ನೋಟಿಸ್ ಬಂದ್ರೆ ಮಾತ್ರ ಹೆದರ್ದೆ ಹೋಗಿ. ಬ್ಯಾಂಕಿನವರು ಕೇಸ್ ಹಾಕೋ ಮುಂಚೆನೇ ಅಲ್ಲಿಗೆ ಕರೀತಾರೆ, ಕೋರ್ಟ್ ಫೀ ಇಲ್ಲ, ಒಪ್ಪಿಗೆ ಆದ್ರೆ ಮಾತ್ರ ಸಹಿ, ಒಪ್ಪಲ್ಲ ಅಂದ್ರೆ ಎದ್ದು ಬರ್ಬಹುದು. ಆದ್ರೆ ಒಪ್ಪಿ ಸಹಿ ಹಾಕಿದ್ರೆ ಅದು ಸಿವಿಲ್ ಕೋರ್ಟ್ ಡಿಕ್ರಿಗೆ ಸಮ, ಅಪೀಲಿಲ್ಲ, ಅದಕ್ಕೆ ಅಲ್ಲಿ ಕಟ್ಟೋಕಾಗೋ ಕಂತಿಗೆ ಮಾತ್ರ ಒಪ್ಕೊಳ್ಳಿ. ವಕೀಲರಿಗೆ ದುಡ್ಡಿಲ್ಲ ಅನ್ನೋರು 15100ಕ್ಕೆ ಕಾಲ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ರೂ ಉಚಿತ ಕಾನೂನು ನೆರವು ಸಿಗುತ್ತೆ. ಬೆಂಗಳೂರಲ್ಲಿರೋರಿಗೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಆಫೀಸಿದೆ.

ಈಗ ಪ್ಲ್ಯಾನ್‌ಗಳ ವಿಷಯ, ಮೊದಲು ಮಿನಿಮಮ್ ಡ್ಯೂ. ಇದು ಪ್ಲ್ಯಾನೇ ಅಲ್ಲ, ಆದ್ರೆ ಹೆಚ್ಚಿನ ಜನ ಇದನ್ನೇ ಪ್ಲ್ಯಾನ್ ಅನ್ಕೊಂಡಿರ್ತಾರೆ. ತಮ್ಮನ ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ. 1,40,000ಕ್ಕೆ ತಿಂಗಳ ಬಡ್ಡಿ 4,900, ಅದರ ಮೇಲೆ 18% ಜಿಎಸ್‌ಟಿ 882, ಒಟ್ಟು 5,782. ಮಿನಿಮಮ್ 5% ಅಂದ್ರೆ 7,000. ಅಂದ್ರೆ ಏಳು ಸಾವಿರ ಕಟ್ಟಿದ್ರೆ ಅಸಲಿಗೆ ಹೋಗೋದು 1,218 ರೂಪಾಯಿ. ಈ ಲೆಕ್ಕ ತೋರಿಸಿದಾಗ ತಮ್ಮ ಸುಮಾರು ಹೊತ್ತು ಮಾತೇ ಆಡ್ಲಿಲ್ಲ, "ಅಕ್ಕ, ಇಷ್ಟು ದಿನ ಕಟ್ಟಿದ್ದೆಲ್ಲಾ ಎಲ್ಲಿಗೆ ಹೋಯ್ತು" ಅಂದ. ಮತ್ತೆ ಒಂದು ವಾಟ್ಸಾಪ್ ಫಾರ್ವರ್ಡ್ ಓಡಾಡ್ತಿದೆ, ವರ್ಷಕ್ಕೆ 30%ಗಿಂತ ಜಾಸ್ತಿ ಬಡ್ಡಿ ಹಾಕಿದ್ರೆ ಕಾನೂನುಬಾಹಿರ, ಕಟ್ಬೇಡಿ ಅಂತ. ಅದು 2008ರ ಗ್ರಾಹಕ ಆಯೋಗದ ಆದೇಶ, ಅದನ್ನ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ. ಆ ಮೆಸೇಜ್ ನಂಬಿ ಕೂತ್ಕೋಬೇಡಿ.

ಸೆಟಲ್‌ಮೆಂಟ್ ಕಂಪನಿ. ಇದರ ಜಾಹೀರಾತು ತಮ್ಮನ ಫೋನಲ್ಲಿ ದಿನಾ ಬರ್ತಿತ್ತು, ಅವನು ಡೆಮೊ ಕಾಲ್ ತಗೊಂಡ, ನಾನೂ ಪಕ್ಕ ಕೂತಿದ್ದೆ. ಮಾತಾಡಿದ ಹುಡುಗಿ ತುಂಬಾ ನಯವಾಗಿ ಮಾತಾಡಿದ್ಳು, ಏಜೆಂಟ್ ಕಾಲ್‌ಗಳನ್ನೆಲ್ಲ ನಾವೇ ನೋಡ್ಕೋತೀವಿ, ನೀವು ನೆಮ್ಮದಿಯಾಗಿರಿ ಅಂದ್ಳು, ಕಾಟ ತಿಂದವರಿಗೆ ಆ ಒಂದು ಮಾತು ಸಾಕು ಕಾರ್ಡ್ ನಂಬರ್ ಕೊಟ್ಬಿಡೋಕೆ. ಆದ್ರೆ ಕೆದಕಿ ಕೇಳ್ದಾಗ ಗೊತ್ತಾಗಿದ್ದು: ಈಗಿಂದ ಬ್ಯಾಂಕಿಗೆ ಒಂದು ರೂಪಾಯಿನೂ ಕಟ್ಬೇಡಿ ಅಂತಾರೆ, ಬದಲಿಗೆ ತಿಂಗಳಾ ಅವರಿಗೆ ಫೀಸು ಕಟ್ಬೇಕು, ಸಾಲ ತೀರಾ ಹಳೇದಾದ್ಮೇಲೆ ಬ್ಯಾಂಕ್ ತಾನೇ ಇಳೀಯುತ್ತೆ, ಆಗ ಸೆಟಲ್ ಮಾಡಿಸ್ತಾರೆ, ಉಳಿದ ದುಡ್ಡಲ್ಲಿ ಒಂದು ಪಾಲು ಮತ್ತೆ ಅವರಿಗೆ. ಅಲ್ಲೀವರೆಗೂ ಬಡ್ಡಿ, ಲೇಟ್ ಫೀ ಓಡ್ತಾನೇ ಇರುತ್ತೆ, ಸಿಬಿಲ್ (ಸಾಲ ಸರಿಯಾಗಿ ತೀರಿಸ್ತೀವಾ ಅಂತ ತೋರಿಸೋ ಸ್ಕೋರು) ಕುಸೀತಾನೇ ಇರುತ್ತೆ, ಬ್ಯಾಂಕ್ ಕೋರ್ಟಿಗೆ ಹೋದ್ರೆ ಏನು ಅಂದ್ರೆ "ಹಾಗೆಲ್ಲಾ ಆಗಲ್ಲ ಮೇಡಂ" ಅನ್ನೋದೇ ಉತ್ತರ, ಬರವಣಿಗೆಲಿ ಕೊಡಿ ಅಂದ್ರೆ ಕೊಡಲ್ಲ. ಇವರು ಬರೆಯೋ ಮೇಲ್ ನಾವೇ ಬರೀಬಹುದು, ಫ್ರೀಯಾಗಿ. ನನ್ನ ಕೇಳಿದ್ರೆ ಇವರ ಹತ್ರ ಹೋಗ್ಲೇಬೇಡಿ.

ಬ್ಯಾಂಕಿನ ಜೊತೆ ನೇರ ಸೆಟಲ್‌ಮೆಂಟ್ ಬೇರೆ ಮಾತು. ಏಜೆಂಟೇ ಒಂದಿನ ಫೋನ್ ಮಾಡಿ "90 ಸಾವಿರ ಕಟ್ಟಿ, ಇವತ್ತು ಸಂಜೆ ಒಳಗೆ, ಸಾಲ ಕ್ಲೋಸ್" ಅಂದ, ಯುಪಿಐ ನಂಬರೂ ಕಳಿಸ್ದ. ನೋಡಿ, 50 ಸಾವಿರ ಉಳಿಯುತ್ತೆ ಅಂದ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಆದ್ರೆ ಆ ಯುಪಿಐ ಯಾವುದೋ ವ್ಯಕ್ತಿ ಹೆಸರಲ್ಲಿತ್ತು, ಲೆಟರ್ ಕೇಳಿದ್ರೆ "ಮೊದಲು ಕಟ್ಟಿ, ಲೆಟರ್ ಆಮೇಲೆ". ಬ್ಯಾಂಕಿನ ಲೆಟರ್‌ಹೆಡ್ಡಲ್ಲಿ, ಬ್ಯಾಂಕಿನ ಅಫಿಷಿಯಲ್ ಮೇಲಿಂದ, ಕಾರ್ಡ್ ನಂಬರಿನ ಕೊನೇ ನಾಲ್ಕು ಅಂಕಿ, ಮೊತ್ತ, ಕೊನೇ ದಿನಾಂಕ, ಇಷ್ಟು ಕಟ್ಟಿದ್ರೆ ಬೇರೆ ಬಾಕಿ ಇಲ್ಲ ಅನ್ನೋ ಸಾಲು ಇರೋವರೆಗೂ ಅದು ಆಫರೇ ಅಲ್ಲ. ಕಟ್ಟೋದೂ ಬ್ಯಾಂಕಿನ ಆಪಲ್ಲಿ ಅಥವಾ ಕಾರ್ಡ್ ನಂಬರಿಗೇ ನೇರವಾಗಿ ಕಟ್ಬೇಕು, ಏಜೆಂಟ್ ಕೈಗೆ, ಏಜೆಂಟ್ ಫೋನಿಗೆ ಬೇಡವೇ ಬೇಡ. ಸರಿಯಾದ ಲೆಟರ್ ಬಂದ್ರೂ ಸೆಟಲ್‌ಮೆಂಟಿಗೆ ಬೆಲೆ ಇದೆ, ಸಿಬಿಲ್ ರಿಪೋರ್ಟಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಅಂತ ಬೀಳುತ್ತೆ, ಮುಂದೆ ಹೋಮ್ ಲೋನಿಗೆ ಹೋದ್ರೆ ಅದನ್ನ ನೋಡಿ ಬ್ಯಾಂಕಿನವರು ಫೈಲ್ ಪಕ್ಕಕ್ಕಿಡ್ತಾರೆ. ಜೊತೆಗೆ ಆರ್‌ಬಿಐ 2023ರ ಜೂನ್‌ನಲ್ಲಿ ತಂದ ನಿಯಮದ ಪ್ರಕಾರ ಹೀಗೆ ರಾಜಿ ಮಾಡ್ಕೊಂಡವರಿಗೆ ಅದೇ ಬ್ಯಾಂಕ್ ಕಮ್ಮಿ ಅಂದ್ರೂ 12 ತಿಂಗಳು ಹೊಸ ಸಾಲ ಕೊಡೋ ಹಾಗಿಲ್ಲ. ತಮ್ಮನ ವಯಸ್ಸಿಗೆ, ಮದುವೆ ಮನೆ ಎಲ್ಲಾ ಮುಂದಿರೋವಾಗ, ಇದು ಬೇಡ ಅಂತ ನಾನು ಹಟ ಹಿಡಿದೆ. ಆದ್ರೆ ಕಾಯಿಲೆ ಬಿದ್ದು ದುಡಿಮೆನೇ ನಿಂತಿರೋ ಮನೆ, ಕಟ್ಟೋ ದಾರಿನೇ ಇಲ್ಲ ಅನ್ನೋ ಮನೆಗೆ ಬ್ಯಾಂಕಿನ ನೇರ ಸೆಟಲ್‌ಮೆಂಟೇ ಸರಿ, ಅವರು ಸಿಬಿಲ್ ನೋಡ್ಕೊಂಡು ಕೂರೋ ಸ್ಥಿತೀಲಿರಲ್ಲ.

ಇನ್ನು ನಮ್ಮನ್ನ ಕಾಪಾಡಿದ ಇಎಂಐ. ಕಂತು ತಪ್ಪಿದ್ಮೇಲೆ ಆಪಲ್ಲಿ "ಕನ್ವರ್ಟ್ ಟು ಇಎಂಐ" ಬಟನ್ನೇ ಮಾಯ ಆಗಿರುತ್ತೆ, ಅದಕ್ಕೆ ಜನ ಆ ದಾರಿ ಮುಚ್ಚಿತು ಅನ್ಕೋತಾರೆ. ಮೇಲ್ ಹಾಕಿ ಕೇಳ್ಬೇಕು, ಕೆಲಸ ಹೋದ ಪತ್ರ, ಹೊಸ ಕೆಲಸದ ಆಫರ್ ಲೆಟರ್ ಎರಡನ್ನೂ ಲಗತ್ತಿಸಿ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ ಅಂತ ನಾವೇ ಮೊತ್ತ ಹೇಳ್ಬೇಕು. ಇದನ್ನ 90 ದಿನ ತುಂಬೋದ್ರೊಳಗೆ ಮಾಡೋದು ಜಾಣತನ, ಮಿನಿಮಮ್ ಡ್ಯೂ ಪೂರ್ತಿ ಕಟ್ದೆ ಡ್ಯೂ ಡೇಟಿಂದ 90 ದಿನ ದಾಟಿದ್ರೆ ಖಾತೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತೆ, ಆಮೇಲೆ ಬ್ಯಾಂಕಿನವರ ಮಾತಿನ ಧಾಟಿನೇ ಬೇರೆ. ನಮಗೆ ಬಂದ ಆಫರ್ ವರ್ಷಕ್ಕೆ 16%, 24 ತಿಂಗಳು ಅಥವಾ 36 ತಿಂಗಳು, ಕಾರ್ಡ್ ಬ್ಲಾಕ್.

24 ತಿಂಗಳಿಗೆ ಕಂತು 6,855, ಮೊದಲ ತಿಂಗಳ ಬಡ್ಡಿ ಮೇಲಿನ ಜಿಎಸ್‌ಟಿ ಸೇರಿ 7,190ರ ಹತ್ರ. ಮಿನಿಮಮ್ ಡ್ಯೂ ಎಷ್ಟಿತ್ತು? 7,000. ಹೆಚ್ಚುಕಮ್ಮಿ ಅದೇ ದುಡ್ಡು! ಅದೇ ಏಳು ಸಾವಿರದಲ್ಲಿ ಮಿನಿಮಮ್ ಕಟ್ಟಿದ್ರೆ ಅಸಲು 1,218 ಇಳೀತಿತ್ತು, ಇಲ್ಲಿ ಮೊದಲನೇ ಕಂತಲ್ಲೇ 4,988 ಇಳೀತು, ಎರಡು ವರ್ಷಕ್ಕೆ ಸಾಲ ಪೂರ್ತಿ ಮುಗಿಯುತ್ತೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ನಾನು ಯಾವ ಪ್ಲ್ಯಾನಲ್ಲೂ ನೋಡ್ಲಿಲ್ಲ. 36 ತಿಂಗಳಿನದ್ರಲ್ಲಿ ಕಂತು 4,922, ನೋಡೋಕೆ ಹಗುರ, ಆದ್ರೆ ಬಡ್ಡಿ ಜಿಎಸ್‌ಟಿ ಎರಡೂ ಸೇರಿ 24 ತಿಂಗಳಿಗೆ ಸುಮಾರು 29 ಸಾವಿರ ಆದ್ರೆ 36 ತಿಂಗಳಿಗೆ ಸುಮಾರು 44 ಸಾವಿರ. ಏಜೆಂಟ್ 36ನೇ ತಗೊಳ್ಳಿ ಅಂತ ಒತ್ತಾಯ ಮಾಡ್ದ, ನಾವು 24 ತಗೊಂಡ್ವಿ, ತಮ್ಮನ ಸಂಬಳಕ್ಕೆ ಅದು ಬಿಗಿ ಆದ್ರೂ ಕಟ್ಟೋಕಾಗೋವಂಥದ್ದು. ನಿಮಗೆ 24 ಕಷ್ಟ ಅನ್ನಿಸಿದ್ರೆ 36 ತಗೊಳ್ಳೋದ್ರಲ್ಲಿ ತಪ್ಪಿಲ್ಲ, ಒಪ್ಕೊಂಡು ಮತ್ತೆ ಕಂತು ತಪ್ಪಿಸೋದಕ್ಕಿಂತ ಅದು ಎಷ್ಟೋ ಮೇಲು.

ಸಹಿ ಹಾಕೋ ಮುಂಚೆ ಇವನ್ನ ಮೇಲಲ್ಲಿ ಕೇಳಿ ಉತ್ತರ ತಗೊಳ್ಳಿ: ಪ್ರೊಸೆಸಿಂಗ್ ಫೀ ಎಷ್ಟು, ಮಧ್ಯದಲ್ಲಿ ದುಡ್ಡು ಬಂದ್ರೆ ಮುಂಚೆನೇ ಮುಗಿಸೋಕೆ ಚಾರ್ಜ್ ಎಷ್ಟು, ಇಲ್ಲೀವರೆಗಿನ ಲೇಟ್ ಫೀ ಬಿಡ್ತೀರಾ (ನಮಗೆ ಒಂದು ಭಾಗ ಬಿಟ್ರು, ಕೇಳಿದ್ದಕ್ಕೇ ಬಿಟ್ಟಿದ್ದು), ಸಿಬಿಲ್‌ಗೆ ಇದನ್ನ ಏನಂತ ರಿಪೋರ್ಟ್ ಮಾಡ್ತೀರಾ. ಕೊನೇದು ಮರೀಬೇಡಿ, "ರಿಸ್ಟ್ರಕ್ಚರ್ಡ್" (ಸಾಲದ ಷರತ್ತು ಬದಲಾಯಿಸಿದ್ದು) ಅಂತ ಹಾಕಿದ್ರೆ ಅದೂ ಒಂದು ಕಲೆನೇ, ಆದ್ರೆ ಸೆಟಲ್ಡ್ ಅಷ್ಟು ಕೆಟ್ಟದ್ದಲ್ಲ. ಫೋನಲ್ಲಿ ಹೇಳಿದ್ದು ಒಂದು, ಮೇಲಲ್ಲಿ ಬಂದಿದ್ದು ಇನ್ನೊಂದು ಅನ್ನೋದು ನಮಗೆ ಪ್ರೊಸೆಸಿಂಗ್ ಫೀ ವಿಷಯದಲ್ಲೇ ಕಣ್ಣಿಗೆ ಬಿತ್ತು, ಬರವಣಿಗೆ ಇದ್ದಿದ್ದಕ್ಕೆ ಸರಿ ಮಾಡಿಸೋಕಾಯ್ತು.

ಮನೇಲಿ ಬಂಗಾರ ಇರೋರಿಗೆ ಒಂದು ಮಾತು, ಸರ್ಕಾರಿ ಬ್ಯಾಂಕಲ್ಲಿ ಗೋಲ್ಡ್ ಲೋನ್ ತಗೊಂಡು ಕಾರ್ಡ್ ತೀರಿಸೋದು ಲೆಕ್ಕದಲ್ಲಿ ಇಎಂಐಗಿಂತ ಅಗ್ಗ, ಬಡ್ಡಿ ಕಮ್ಮಿ, ಸಾಲದ ಬಡ್ಡಿ ಮೇಲೆ ಜಿಎಸ್‌ಟಿನೂ ಇಲ್ಲ, ಅದು ಕಾರ್ಡಿಗೆ ಮಾತ್ರ ಬೀಳೋದು. ಅಮ್ಮ ಬಳೆ ಬಿಚ್ಚಿ ಮುಂದಿಟ್ರು ಕೂಡ. ಕಾರ್ಡಿಗೆ ಅಡಮಾನ ಏನೂ ಇರಲ್ಲ, ಬಂಗಾರ ಇಟ್ರೆ ಬಂಗಾರ ಹೋಗೋ ಭಯ ಇರುತ್ತೆ, ತಮ್ಮನ ಹೊಸ ಕೆಲಸ ಇನ್ನೂ ಪ್ರೊಬೇಷನ್, ಅದಕ್ಕೆ ಬೇಡ ಅಂದ್ವಿ. ಕೆಲಸ ಗಟ್ಟಿ ಇದ್ರೆ ಇದೇ ಮೊದಲ ಆಯ್ಕೆ ಆಗ್ಬೇಕು ಅಂತೀನಿ. ಬಾಕೀನ ಬೇರೆ ಬ್ಯಾಂಕಿನ ಕಾರ್ಡಿಗೆ ದಾಟಿಸೋ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಒಂದಿದೆ, ಆದ್ರೆ ಕಂತು ತಪ್ಪಿದವರಿಗೆ ಬೇರೆ ಬ್ಯಾಂಕ್ ಕಾರ್ಡೇ ಕೊಡಲ್ಲ, ಬಿಡಿ. ಲೋನ್ ಆಪ್ ಹತ್ರ ಮಾತ್ರ ಸುಳೀಲೇಬೇಡಿ.

ಆರ್‌ಬಿಐ ಒಂಬುಡ್ಸ್‌ಮನ್‌ಗೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಕಮ್ಮಿ ಮಾಡಿದ್ದು ಕೆಲಸ ನಿಧಾನ ಅಂತ. ಮೊದಲು ಬ್ಯಾಂಕಿಗೇ ದೂರು ಕೊಟ್ಟಿರ್ಬೇಕು, 30 ದಿನ ಕಳೆದ್ರೂ ಉತ್ತರ ಬರ್ಲಿಲ್ಲ ಅಥವಾ ಉತ್ತರ ಸರಿಯಿಲ್ಲ ಅಂದ್ರೆ ಆಮೇಲೆ ಆರ್‌ಬಿಐನ ದೂರು ಪೋರ್ಟಲ್ ಸಿಎಂಎಸ್‌ನಲ್ಲಿ ಹಾಕ್ಬೇಕು, ಒಂದು ಪೈಸೆ ಖರ್ಚಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಕಾಲ್ ಮಾಡಿದ್ರೆ ಕನ್ನಡದಲ್ಲೇ ದಾರಿ ಹೇಳ್ತಾರೆ. ಅಮ್ಮಂಗೆ ಬಂದ ಕಾಲ್‌ಗಳ ಬಗ್ಗೆ ಬ್ಯಾಂಕಿಂದ ಬಂದ ಉತ್ತರ ಹಾರಿಕೆ ಉತ್ತರ ಆಗಿತ್ತು, ಅದಕ್ಕೆ ನಾವು ಪೋರ್ಟಲಲ್ಲಿ ಹಾಕಿದ್ವಿ, ಅಲ್ಲಿಂದ ವಿಚಾರಣೆ ಬಂದ್ಮೇಲೆ ಬ್ಯಾಂಕಿನ ದೊಡ್ಡವರೇ ಫೋನ್ ಮಾಡಿ ಕ್ಷಮೆ ಕೇಳಿದ್ರು, ಕನ್ನಡದಲ್ಲಿ. ನಮ್ಮ ನೋಟ್‌ಬುಕ್ಕು ಅಲ್ಲಿ ಕೆಲಸಕ್ಕೆ ಬಂತು, ದಿನಾಂಕ ಟೈಮ್ ಇಲ್ದೆ "ತುಂಬಾ ತೊಂದ್ರೆ ಕೊಟ್ರು" ಅಂತ ಬರೆದಿದ್ರೆ ಯಾರೂ ತಿರುಗಿ ನೋಡ್ತಿರ್ಲಿಲ್ಲ. ಲೆಕ್ಕ ಹಾಕೋಕೆ ಮನೇಲಿ ಯಾರೂ ಇಲ್ಲ ಅನ್ನೋರು ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕಿನ (ಜಿಲ್ಲೆಗೆ ಮುಖ್ಯ ಅಂತ ಗೊತ್ತು ಮಾಡಿದ ಬ್ಯಾಂಕ್) ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ ಹೋಗಿ, ಅಲ್ಲಿ ಕೂತ್ಕೊಂಡು ಮಾತಾಡೋ ಕೌನ್ಸಿಲರ್ ಇರ್ತಾರೆ, ಫೀಸಿಲ್ಲ. ಸೆಟಲ್‌ಮೆಂಟ್ ಕಂಪನಿಗಳ ಜಾಹೀರಾತು ಎಲ್ಲಾ ಕಡೆ ಇದೆ, ಈ ಕೇಂದ್ರಗಳ ಹೆಸರು ಯಾರಿಗೂ ಗೊತ್ತಿಲ್ಲ, ಅದೇ ನನಗೆ ಬೇಜಾರು.

ತಮ್ಮನ ಕಂತು ಈಗ ನಡೀತಿದೆ, ಒಂದೂ ತಪ್ಪಿಲ್ಲ. ಕೊನೇ ಕಂತು ಆದ್ಮೇಲೆ ಮಾಡೋ ಕೆಲಸನೂ ಈಗ್ಲೇ ಬರೆದಿಟ್ಕೊಂಡಿದೀವಿ: ಬ್ಯಾಂಕಿಂದ ನೋ ಡ್ಯೂಸ್ ಸರ್ಟಿಫಿಕೇಟ್ ತಗೊಳ್ಳೋದು, ಕಾರ್ಡ್ ಕ್ಲೋಸ್ ಮಾಡಿ ಅಂತ ಬರೆದು ಕೊಡೋದು (ಬಾಕಿ ಇಲ್ದಿದ್ರೆ 7 ಕೆಲಸದ ದಿನದೊಳಗೆ ಮಾಡ್ಬೇಕು, ತಡ ಆದ್ರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡ್ಬೇಕು), ಆಮೇಲೆ ವರ್ಷಕ್ಕೊಂದು ಫ್ರೀ ಸಿಗೋ ಸಿಬಿಲ್ ರಿಪೋರ್ಟ್ ತೆಗೆದು "ಕ್ಲೋಸ್ಡ್" ಅಂತ ಬಂದಿದ್ಯಾ ನೋಡೋದು. ತಪ್ಪು ಬಿದ್ದಿದ್ರೆ ದೂರು ಕೊಡಿ, 30 ದಿನದೊಳಗೆ ಸರಿ ಮಾಡ್ದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳೋ ಹಕ್ಕು ನಿಮಗಿದೆ, ಕೇಳಿ ತಗೊಳ್ಳಿ.